ದಾಕ್ಷಿಣ್ಯದ ಸಹಿ

ಸತ್ತು ಆರು ವರ್ಷವಾಗಿದ್ದ ಮನುಷ್ಯ ಹೋದ ತಿಂಗಳು ಸಹಿ ಹಾಕಿದ್ದ.

ಕ್ಲರ್ಕ್ ಪ್ಯಾಟ್ರಿಷಿಯಾ ನೊವಾಕ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಹೆಸರು ಬದಲಾಗಲಿಲ್ಲ. ವಿಲಿಯಮ್ ಡಾಬ್ಸ್. ಎಂಟನೇ ಕ್ಲಾಸಿನಲ್ಲಿ ಆಕೆಗೆ ಗಣಿತ ಹೇಳಿಕೊಟ್ಟ ಮೇಷ್ಟ್ರು. ಅವರ ಅಂತ್ಯಕ್ರಿಯೆಗೆ ಆಕೆಯೇ ಹೂವು ಹಿಡಿದು ಹೋಗಿದ್ದರು.

ಕೆಳಗಿನ ಹೆಸರು ನೋಡಿದರು. ಊರು ಬಿಟ್ಟು ಫ್ಲೋರಿಡಾ ಸೇರಿದವರು. ಅದರ ಕೆಳಗಿನವರು ತೀರಿಕೊಂಡವರು. ಹಾಳೆಯಲ್ಲಿದ್ದ ಹದಿನೈದು ಹೆಸರೂ ಹೀಗೇ. ಮುಂದಿನ ಹಾಳೆಯೂ ಹೀಗೇ. ಒಟ್ಟು ಏಳು ಹಾಳೆ. ಅಕ್ಷರಗಳು ಆ ಕಡೆ ಈ ಕಡೆ ವಾಲಿದ್ದರೂ ಬರೆದ ಕೈ ಒಂದೇ. ಪ್ರತಿ ಹಾಳೆಯ ಕೆಳಗೂ ಒಂದೇ ಸಹಿ: ಕಲ್ಲಿನಾಥ. ಈ ಸಹಿಗಳನ್ನೆಲ್ಲ ನನ್ನ ಕಣ್ಣೆದುರೇ ಹಾಕಿಸಿದ್ದೇನೆ ಎಂಬ ಪ್ರಮಾಣದ ಕೆಳಗೆ.

ಪ್ಯಾಟ್ರಿಷಿಯಾ ಫೋನ್ ಎತ್ತಿಕೊಂಡು ಶೆರಿಫ್ ಕಚೇರಿಗೆ, ಅಂದರೆ ಪೊಲೀಸರಿಗೆ, ಕರೆ ಮಾಡಿದರು.

* * *

ಮೇಪಲ್ ಹಾಲೋ ಎಂಬುದು ಡೆಟ್ರಾಯಿಟ್ ಪಕ್ಕದಲ್ಲಿ, ವೆಸ್ಟ್ ಬ್ಲೂಮ್‌ಫೀಲ್ಡ್‌ಗೆ ಅಂಟಿಕೊಂಡ, ತನ್ನದೇ ಆಡಳಿತ ಮಂಡಳಿ ಇರುವ ಸಣ್ಣ ಟೌನ್‌ಶಿಪ್. ಇಲ್ಲಿ ಕ್ಲರ್ಕ್ ಅಂದರೆ ಫೈಲು ಹೊರುವ ಗುಮಾಸ್ತೆಯಲ್ಲ. ಜನ ವೋಟು ಹಾಕಿ ಆರಿಸಿದ ಅಧಿಕಾರಿ, ಚುನಾವಣೆಯ ಕಾಗದವೆಲ್ಲ ಆಕೆಯ ಸುಪರ್ದಿಯಲ್ಲಿ.

ಕಲ್ಲಿನಾಥ ಅರವತ್ತಾರರ ನಿವೃತ್ತ ಎಂಜಿನಿಯರ್. ಕಲಬುರಗಿಯ ಕಡೆಯವರು. ಅಮೆರಿಕದ ಸಿಟಿಜನ್ ಆಗಿ ಎರಡೇ ವರ್ಷ. ಹೊಸ ಅಗಸ ಗೋಣಿ ಎತ್ತಿ ಒಗೆದ ಅನ್ನುವ ಹುಮ್ಮಸ್ಸಿನಲ್ಲಿ ಅವರು ಹಿಡಿದ ಮೊದಲ ಸಾರ್ವಜನಿಕ ಕೆಲಸ ಇದು: ಟೌನ್‌ಶಿಪ್‌ನ ಆಸ್ತಿ ತೆರಿಗೆ ವರ್ಷಕ್ಕೆ ನೂರಕ್ಕೆ ಎರಡಕ್ಕಿಂತ ಹೆಚ್ಚು ಏರಬಾರದು ಎಂಬ ಪ್ರಸ್ತಾಪವನ್ನು ನವೆಂಬರಿನ ಮತಪತ್ರಕ್ಕೆ ಸೇರಿಸುವುದು. ಅದಕ್ಕೆ ಆರುನೂರು ಮತದಾರರ ಸಹಿ ಬೇಕು. ಅವರು ಆರುನೂರ ನಲವತ್ತೈದು ತಂದಿದ್ದರು. ಏಳು ಹಾಳೆ ತೆಗೆದರೆ ಉಳಿಯುವುದು ಐನೂರ ನಲವತ್ತು.

ಟೌನ್‌ಶಿಪ್‌ಗೆ ಈ ಪ್ರಸ್ತಾಪ ಕಂಡರೆ ಆಗುತ್ತಿರಲಿಲ್ಲ. ಮಂಡಳಿ ಒಮ್ಮತದಿಂದ ವಿರೋಧದ ನಿರ್ಣಯ ಮಾಡಿತ್ತು. ಮಿತಿ ಹೇರಿದರೆ ಒಂದು ಫೈರ್ ಎಂಜಿನ್ ಹೋಗುತ್ತದೆ, ಹಿಮ ಬಾಚುವುದು ತಡವಾಗುತ್ತದೆ, ಲೈಬ್ರರಿಯ ಬಾಗಿಲು ಮುಚ್ಚುತ್ತದೆ ಎಂದು ಮನೆಮನೆಗೆ ಪತ್ರ ಕಳಿಸಿತ್ತು.

ಆದ್ದರಿಂದ ಛಾಯಾಗೆ ಮೊದಲು ಅನುಮಾನ ಬಂದದ್ದು ಟೌನ್‌ಶಿಪ್ ಮೇಲೆಯೇ.

ಛಾಯಾ ಇಲ್ಲೇ ಹುಟ್ಟಿ ಬೆಳೆದವಳು. ಇಪ್ಪತ್ತೊಂಬತ್ತು ವರ್ಷ. ನಾಲ್ಕು ಟೌನ್‌ಶಿಪ್‌ಗಳ ಸುದ್ದಿ ಬರೆಯುವ ವಾರಪತ್ರಿಕೆಯೊಂದರ ಏಕೈಕ ವರದಿಗಾರ್ತಿ. ಓರಗೆಯವರೆಲ್ಲ ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟು ಬೆಳೆದರೆ, ಇವಳು ಅಜ್ಜಿಯ ಕೈಲಿ ಬೆಳೆದು ಕನ್ನಡ ಉಳಿಸಿಕೊಂಡಿದ್ದಳು. ಜತೆಗೆ ಅಜ್ಜಿಯ ಸಂಶಯದ ಸ್ವಭಾವವನ್ನೂ.

“ಅಂಕಲ್, ಸಹಿ ನಿಮ್ಮದೇನಾ?” ಎಂದು ಅವಳು ಕಲ್ಲಿನಾಥರ ಡೈನಿಂಗ್ ಟೇಬಲ್ಲಿನ ಮುಂದೆ ಕೂತು ಕೇಳಿದಳು.

“ನಂದೇ ಅದ. ಸುಳ್ಳು ಯಾಕ ಹೇಳ್ಲಿ? ಆದ್ರ ಮ್ಯಾಲಿನ ಮಂದಿ ಯಾರೂ ನಂಗ ಗೊತ್ತಿಲ್ಲ.”

“ನಿಮ್ಮ ಸಹಿ ಅಲ್ಲಿಗೆ ಹೇಗೆ ಬಂತು?”

ಅವರು ಟೇಬಲ್ ಮೇಲಿದ್ದ ಒಂದು ಫೋಲ್ಡರ್ ತೆರೆದು ಅವಳ ಕಡೆ ನೂಕಿದರು. ಒಳಗೆ ಮೂರು ಖಾಲಿ ಹಾಳೆ. ಮೂರಕ್ಕೂ ಕೆಳಗೆ ಸಹಿ ಆಗಿತ್ತು.

“ಊರಾಗ ಪಿ.ಡಬ್ಲ್ಯು.ಡಿ.ದಾಗ ಇದ್ದಾಗಿನ ಚಟ. ನಾಳೆ ಬೇಕಾದ್ರ ಇರಲಿ ಅಂತ ಹತ್ತು ಹಾಳಿಗೆ ಮೊದಲೇ ಸಹಿ ಮಾಡಿ ಇಟ್ಟಿದ್ದೆ. ಈಗ ಮೂರೇ ಅವ. ಮನಿಗೆ ಬಂದಿದ್ದ ಪೊಲೀಸ್ ಡಿಟೆಕ್ಟಿವ್‌ಗ ಹೇಳಿಲ್ಲ. ಹೆಂಗ ಹೇಳ್ಲಿ?”

“ಈ ಫೋಲ್ಡರ್ ಎಲ್ಲಿರುತ್ತೆ?”

“ಇಲ್ಲೇ, ಟೇಬಲ್ ಮ್ಯಾಲೆ. ಮನಿಗೆ ಬಂದವರು ಯಾರ್ ಬೇಕಾದ್ರೂ ನೋಡಬಹುದು.”

ಶುಕ್ರವಾರ ಬೆಳಿಗ್ಗೆ ವಿಚಾರಣೆ. ಅಷ್ಟರೊಳಗೆ ಬೇರೆ ವಿವರಣೆ ಸಿಗದಿದ್ದರೆ ಸರ್ಕಾರಿ ವಕೀಲರು ಕಲ್ಲಿನಾಥರ ಮೇಲೆ ಫೋರ್ಜರಿ ಕೇಸು ಹಾಕುತ್ತಾರೆ. ಜೈಲೂ ಆದೀತು. ಅಂದು ಮಂಗಳವಾರ.

“ಮನಿ ನಮ್ಮದು ಅಂತೀವಿ. ಆದ್ರ ವರ್ಷಾ ವರ್ಷಾ ಟೌನ್‌ಶಿಪ್‌ಗ ಬಾಡಿಗಿ ಕೊಟ್ಟಂಗ ಕೊಡ್ತೀವಿ. ಇದನ್ನ ಹೇಳಾಕ ಹೋಗಿ ಕಳ್ಳ ಅನಿಸಿಕೊಂಡೆ,” ಎಂದರು ಕಲ್ಲಿನಾಥ. “ಮೊದಲನೇ ಸಹಿ ನಮ್ಮ ಕೌಸಲ್ಯಾಂದು, ಗೊತ್ತೇನು? ಲೈಬ್ರರಿದಾಗ ಕೆಲಸ ಮಾಡ್ತಾಳಲ್ಲ. ಕಾಫಿ ಕುಡೀತಾ ಪಟ್ಟಂತ ಹಾಕಿದ್ಲು. ಶುಭ ಆತು ಅಂದ್ಕೊಂಡಿದ್ದೆ.”

ಅವರ ಹೆಂಡತಿ ರುದ್ರಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಏನೋ ಹೇಳಲು ಬಾಯಿ ತೆರೆದು, ಗಂಡನ ಮುಖ ನೋಡಿ ಒಳಗೆ ಹೋದರು. ಛಾಯಾ ಅದನ್ನು ಗಮನಿಸಿದಳು.

* * *

“ನಿಮ್ಮ ಅನುಮಾನ ನನಗೆ ಅರ್ಥವಾಗುತ್ತೆ,” ಎಂದರು ಪ್ಯಾಟ್ರಿಷಿಯಾ, ಬೀರುವಿನಿಂದ ಕಟ್ಟು ತೆಗೆಯುತ್ತ. “ಸತ್ತವರ, ಊರು ಬಿಟ್ಟವರ ಪಟ್ಟಿ ಇರೋದು ನನ್ನ ಹತ್ತಿರ. ನಾಲ್ಕು ದಿನ ಈ ಕಾಗದ ಇದ್ದದ್ದೂ ನನ್ನ ಹತ್ತಿರ. ಆದರೆ ಇದನ್ನು ನೋಡಿ.”

ಪ್ರತಿ ಹಾಳೆಯ ಮೇಲೂ ನಂಬರು ಒತ್ತುವ ಯಂತ್ರದ ನೇರಳೆ ಗುರುತು. ಒಂದರಿಂದ ನಲವತ್ತಮೂರು. ಕಲ್ಲಿನಾಥರು ಕೌಂಟರಿನ ಆಚೆ ನಿಂತು ಎಣಿಸುತ್ತಿದ್ದಾಗಲೇ ಒತ್ತಿದ್ದು. ಕಳ್ಳ ಹಾಳೆಗಳ ನಂಬರು ಹತ್ತೊಂಬತ್ತರಿಂದ ಇಪ್ಪತ್ತೈದು. ಸಾಲು ತಪ್ಪಿಲ್ಲ, ಅಳಿಸಿಲ್ಲ, ಯಂತ್ರ ಹಿಂದಕ್ಕೆ ತಿರುಗುವುದಿಲ್ಲ. ಅಂದರೆ ಕೌಂಟರಿಗೆ ಬರುವ ಮೊದಲೇ ಆ ಏಳು ಹಾಳೆ ಕಟ್ಟಿನೊಳಗಿದ್ದವು.

ಟೌನ್‌ಶಿಪ್ ಮೇಲಿನ ಅನುಮಾನ ಅಲ್ಲಿಗೆ ಮುಗಿಯಿತು. ಛಾಯಾಗೆ ನಿರಾಸೆಯೇ ಆಯಿತು. ಮುಖಪುಟಕ್ಕೆ ಒಳ್ಳೆಯ ಸುದ್ದಿಯಾಗುತ್ತಿತ್ತು.

ಅವಳು ಒಂದೊಂದೇ ಹಾಳೆಯ ಫೋಟೋ ತೆಗೆದುಕೊಂಡಳು. ಹಾಳೆಗಳು ಸಬ್‌ಡಿವಿಷನ್ ಪ್ರಕಾರ, ಅಂದರೆ ಬಡಾವಣೆಗೊಂದರಂತೆ, ಬೇರೆ ಬೇರೆ ಕ್ಲಿಪ್ಪಿನಲ್ಲಿದ್ದವು. ಆರನೇ ಹಾಳೆಯ ಹೊತ್ತಿಗೆ ಅವಳ ಕೈ ನಿಂತಿತು.

“ಮೂಲೆಯಲ್ಲಿ ಇದೇನು ಹಳದಿ?”

“ಅದಾ? ಸಾಸಿವೆ ಸಾಸ್,” ಎಂದರು ಪ್ಯಾಟ್ರಿಷಿಯಾ, ಸ್ವಲ್ಪ ಮುಖ ಸಿಂಡರಿಸಿ. “ಯಾರೋ ಹಾಟ್ ಡಾಗ್ ತಿನ್ನುತ್ತಾ ಸಹಿ ಸಂಗ್ರಹಿಸಿದ್ದಾರೆ.”

ಛಾಯಾ ಹಾಳೆಯನ್ನು ಮೂಗಿನ ಹತ್ತಿರ ಹಿಡಿದಳು. ಅಜ್ಜಿಯ ದೇವರ ಗೂಡಿನ ವಾಸನೆ. ಅರಿಶಿನ.

ಮತ್ತೆ ಮೊದಲಿನಿಂದ ನೋಡಿದಳು. ಪ್ರತಿ ಹಾಳೆಯ ಮೂಲೆಯಲ್ಲೂ ಉಗುರಿನಷ್ಟು ಹಳದಿ. ಹದಿನೆಂಟನೆಯದರಲ್ಲಿ ಇದೆ. ಹತ್ತೊಂಬತ್ತರಲ್ಲಿ ಇಲ್ಲ. ಇಪ್ಪತ್ತರಲ್ಲಿ ಇಲ್ಲ. ಇಪ್ಪತ್ತಾರರಿಂದ ಮತ್ತೆ ಇದೆ.

* * *

ಮರುದಿನ ಮಧ್ಯಾಹ್ನ ಕಲ್ಲಿನಾಥರು ಮಲಗಿದ್ದ ಹೊತ್ತು ನೋಡಿ ಛಾಯಾ ಹಿಂಬಾಗಿಲಿನಿಂದ ಬಂದಳು. ಹೊರಗೆ ತೊಂಬತ್ತು ಡಿಗ್ರಿ ಫ್ಯಾರನ್‌ಹೀಟ್ ಬಿಸಿಲು. ರುದ್ರಮ್ಮ ಅವಳಿಗೆ ಮಜ್ಜಿಗೆ ಕೊಟ್ಟು, ಎದುರು ಕೂತು, ದನಿ ತಗ್ಗಿಸಿದರು.

“ಛಾಯಾ, ಒಂದು ಮಾತು ಕೇಳ್ಲೇನು? ಸರ್ಕಾರದ ಕಾಗದಕ್ಕ ಅರಿಷಿಣ ಹಚ್ಚಿದ್ರ ಇಲ್ಲೆ ಕೇಸ್ ಹಾಕ್ತಾರೇನು?”

“ಇಲ್ಲ ಆಂಟಿ.”

“ಖರೇ ಹೇಳು.”

“ಖರೇನೇ.”

ರುದ್ರಮ್ಮ ಸೆರಗಿನಿಂದ ಕಣ್ಣೊತ್ತಿಕೊಂಡರು. “ನಾನೇ ಕೆಡಿಸಿದೆ ಅಂತ ಎರಡು ದಿನದಿಂದ ನಿದ್ದಿ ಇಲ್ಲ. ಅವರು ಬ್ಯಾಡ ಅಂದಿದ್ರು. ಇದೇನು ಲಗ್ನಪತ್ರಿಕಿ ಅಲ್ಲ, ಹೊಲಸು ಮಾಡಬ್ಯಾಡ ಅಂದ್ರು. ನಂಗ ಮನಸ್ಸು ತಡೀಲಿಲ್ಲ. ಕೊಡೋ ದಿನ ಮುಂಜಾನೆ ಅವರು ಜಳಕ, ಪೂಜಿಗೆ ಹೋದಾಗ ಅರಿಷಿಣ ಕಲಿಸಿ ಒಂದೊಂದೇ ಹಾಳಿಗೆ ಹಚ್ಚಿದೆ.”

“ಎಲ್ಲಾ ಹಾಳೆಗೂ?”

“ನಲವತ್ತಮೂರಕ್ಕೂ. ಒಂದಕ್ಕ ಹಚ್ಚಿ ಒಂದಕ್ಕ ಬಿಟ್ರ ಬಿಟ್ಟಿದ್ದು ಕೆಡಕು ಮಾಡ್ತದ.”

ಛಾಯಾ ಪೆನ್ನು ತೆಗೆದಳು. “ಅರಿಶಿನ ಹಚ್ಚಿದ ಮೇಲೆ, ಅಂಕಲ್ ಹೊರಡೋ ಮೊದಲು, ಮನೆಗೆ ಯಾರು ಬಂದಿದ್ರು?”

“ಇಬ್ಬರು. ಕೌಸಲ್ಯಾ ಕಥಿ ಹೇಳೋ ಚೀಲ ಹಿಡಕೊಂಡು ಬಂದಿದ್ಲು, ಕೂತು ಕಾಫಿ ಕುಡುದ್ಲು. ಅಣ್ಣಗ ಒಳ್ಳೇದಾಗ್ಲಿ ಅಂತ ಹೇಳಾಕ ಬಂದಿದ್ಲು, ಪಾಪ. ಅಕಿ ಹೋದ ಮ್ಯಾಲೆ ವಿವೇಕ ಬಂದ.”

ಛಾಯಾ ತಲೆ ಎತ್ತಿದಳು. ವಿವೇಕ ಟೌನ್‌ಶಿಪ್ ಮಂಡಳಿಯ ಸದಸ್ಯ. ಅಲ್ಲಿಗೆ ಆರಿಸಿ ಬಂದ ಮೊದಲ ಕನ್ನಡಿಗ. ತೆರಿಗೆ ಮಿತಿಯ ವಿರುದ್ಧ ಅತಿ ಜೋರಾಗಿ ಮಾತಾಡಿದವನು. ಯುಗಾದಿ ಊಟದ ಪಂಕ್ತಿಯಲ್ಲೇ ಕಲ್ಲಿನಾಥರ ಜತೆ ಜಗಳಾಡಿ ಹೋಳಿಗೆ ಬಿಟ್ಟು ಎದ್ದಿದ್ದ.

“ವಿವೇಕ್ ಏನು ಮಾಡಿದ್ರು?”

“ಬಾಗಿಲದಾಗ ನಿಂತಿದ್ದ. ಒಳಗ ಬಾರಪ್ಪಾ ಅಂದೆ. ಬೂಟು ಬಿಚ್ಚಾಕ ಟೈಮಿಲ್ಲ ಅಂದ. ಮಜ್ಜಿಗಿ ತರೂದ್ರಾಗ ಹೋಗೇ ಬಿಟ್ಟಿದ್ದ.”

ಮಜ್ಜಿಗೆ ತರುವಷ್ಟು ಹೊತ್ತು ಬಾಗಿಲಲ್ಲಿ ಅವನೊಬ್ಬನೇ. ಟೇಬಲ್ ಅಲ್ಲಿಂದ ಹತ್ತು ಹೆಜ್ಜೆ. ಏಳು ಹಾಳೆ ಬದಲಿಸಲು ಅಷ್ಟು ಸಾಕು.

ಹೊರಡುವಾಗ ರುದ್ರಮ್ಮ ಬಿಡಲಿಲ್ಲ. ಅರಿಶಿನ ಕುಂಕುಮ ಕೊಟ್ಟೇ ಕಳಿಸಿದರು. ಒದ್ದೆ ಅರಿಶಿನದ ಒಂದು ಚೂರು ಛಾಯಾಳ ಬಿಳಿ ಶರ್ಟಿನ ತೋಳಿಗೆ ತಗುಲಿತು.

* * *

ಅಂದು ಸಂಜೆ ಲೈಬ್ರರಿಯಲ್ಲಿ ಟೌನ್‌ಶಿಪ್‌ನ ಮಾಹಿತಿ ಸಭೆ. ವಿಷಯ: ತೆರಿಗೆ ಮಿತಿಯಿಂದ ನಾವು ಕಳೆದುಕೊಳ್ಳುವುದೇನು. ಅರ್ಜಿಯೇ ಬಿದ್ದುಹೋಗುವ ಹಾಗಿದ್ದರೂ ಸಭೆ ನಿಲ್ಲಿಸಿರಲಿಲ್ಲ. ವಿವೇಕ ಬಾಗಿಲಲ್ಲಿ ನಿಂತು ಕೈಕುಲುಕುತ್ತಿದ್ದ. ಛಾಯಾ ಅವನನ್ನು ಮೂಲೆಗೆ ಕರೆದಳು.

“ಹೋದ ಬುಧವಾರ ಬೆಳಿಗ್ಗೆ ಕಲ್ಲಿನಾಥ್ ಅಂಕಲ್ ಮನೆಗೆ ಹೋಗಿದ್ರಾ?”

“ಇಲ್ಲವಲ್ಲ.”

“ರುದ್ರಮ್ಮ ಆಂಟಿ ಮಜ್ಜಿಗೆ ತಂದಿದ್ರಂತೆ.”

ವಿವೇಕನ ಮುಖದ ನಗು ಇಳಿಯಿತು. “ಹೋಗಿದ್ದೆ. ಬರೀಬೇಡಿ ದಯವಿಟ್ಟು. ಮಂಡಳಿ ಸದಸ್ಯ ಅರ್ಜಿದಾರನ ಮನೆಗೆ ಹೋಗಿ ಕೈಮುಗಿದ ಅಂತ ಗೊತ್ತಾದರೆ ನನ್ನ ಕಥೆ ಮುಗೀತು.”

“ಕೈಮುಗಿಯೋಕೆ ಹೋಗಿದ್ರಾ, ಹಾಳೆ ಬದಲಿಸೋಕಾ?”

“ಕೈಮುಗಿಯೋಕೆ. ಈ ಕಟ್ಟಡ ಮುಚ್ಚಿ ಹೋಗುತ್ತೆ, ಬಿಟ್ಟುಬಿಡಿ ಅಂತ ಕೇಳೋಣ ಅಂತ. ಬಾಗಿಲಲ್ಲಿ ಧೈರ್ಯ ಸಾಲಲಿಲ್ಲ, ವಾಪಸ್ ಬಂದೆ. ಒಳಗೆ ಕಾಲಿಟ್ಟಿಲ್ಲ. ಸ್ಪ್ರಿಂಕ್ಲರ್ ನೀರಲ್ಲಿ ಬೂಟೆಲ್ಲ ಕೆಸರಾಗಿತ್ತು.”

ಛಾಯಾ ಅಲ್ಲೇ ರುದ್ರಮ್ಮನಿಗೆ ಫೋನ್ ಮಾಡಿದಳು. ಕೆಸರಿನ ಗುರುತು ಇತ್ತಾ? ಇತ್ತು, ಬಾಗಿಲ ಮ್ಯಾಟ್ ಮೇಲೆ ಮಾತ್ರ. ಮ್ಯಾಟ್ ದಾಟಿದರೆ ಬಿಳಿ ಕಾರ್ಪೆಟ್, ಅದರ ಮೇಲೆ ಒಂದು ಚುಕ್ಕೆಯೂ ಇರಲಿಲ್ಲ. ರುದ್ರಮ್ಮನ ಕಾರ್ಪೆಟ್ ವಿಷಯದಲ್ಲಿ ರುದ್ರಮ್ಮನ ಮಾತೇ ಸಾಕ್ಷಿ.

ವಿವೇಕನೂ ಅಲ್ಲ. ಹಾಗಾದರೆ? ಛಾಯಾಗೆ ಉತ್ತರ ಹೊಳೆದಿತ್ತು, ಒಪ್ಪಿಕೊಳ್ಳಲು ಮನಸ್ಸಿರಲಿಲ್ಲ. ತಾನು ಆರು ವರ್ಷದವಳಿದ್ದಾಗ ಇದೇ ಲೈಬ್ರರಿಯಲ್ಲಿ ಮಡಿಲಲ್ಲಿ ಕೂರಿಸಿಕೊಂಡು ಕಥೆ ಹೇಳಿದವರು ಕೌಸಲ್ಯಾ ಆಂಟಿ.

ಅವರು ಈಗಲೂ ಪಕ್ಕದ ಕೋಣೆಯಲ್ಲಿ ಕಥೆ ಹೇಳುತ್ತಿದ್ದರು. ಐವತ್ತು ದಾಟಿದ ಮೈಸೂರಿನ ಹೆಂಗಸು, ಕೈಗೆ ತೊಟ್ಟ ಬಿಳಿ ಬಟ್ಟೆಯ ಮೊಲ. ಮಕ್ಕಳು ಸುತ್ತ ಕೂತಿದ್ದರು.

ಛಾಯಾ ರೆಸ್ಟ್‌ರೂಮಿಗೆ ಹೋಗಿ ಮುಖ ತೊಳೆದಳು. ತೋಳಿನ ಅರಿಶಿನ ಕಣ್ಣಿಗೆ ಬಿತ್ತು. ಸೋಪು ಹಚ್ಚಿ ಉಜ್ಜಿದಳು. ಹಳದಿ ಹೋಗಲಿಲ್ಲ, ಕೆಂಪಾಯಿತು. ಅವಳಿಗೆ ನಗು ಬಂತು. ಅಜ್ಜಿ ಅರಿಶಿನಕ್ಕೆ ಸುಣ್ಣ ಬೆರೆಸಿ ಆರತಿಗೆ ಓಕುಳಿ ಮಾಡುತ್ತಿದ್ದದ್ದು ಹೀಗೇ. ಸೋಪಿಗೂ ಅದೇ ಗುಣ.

ಹೊರಗೆ ಬರುವಾಗ ಒಂದು ಪುಟ್ಟ ಹುಡುಗಿ ಇಂಗ್ಲಿಷಿನಲ್ಲಿ ಕೇಳುತ್ತಿತ್ತು.

“ಮಿಸ್ ಕೌಸಲ್ಯಾ, ಮೊಲದ ಕಿವಿ ಯಾಕೆ ಕೆಂಪು?”

“ಕದ್ದು ಬೀಟ್‌ರೂಟ್ ತಿಂತಲ್ಲ, ಅದಕ್ಕೆ.”

ಮಕ್ಕಳು ನಕ್ಕರು. ಛಾಯಾ ನಗಲಿಲ್ಲ. ಮೊಲದ ಕಿವಿಯ ಕೆಂಪು ಅವಳ ತೋಳಿನ ಕೆಂಪಿನ ಹಾಗೆಯೇ ಇತ್ತು.

ಅವಳು ಕಾರಿನಲ್ಲಿ ಕೂತು ಫೋನಿನ ಫೋಟೋಗಳನ್ನು ಒಂದೊಂದಾಗಿ ದೊಡ್ಡದು ಮಾಡಿ ನೋಡಿದಳು. ನಲವತ್ತಮೂರು ಹಾಳೆ, ಆರುನೂರ ನಲವತ್ತೈದು ಹೆಸರು. ಕೌಸಲ್ಯಾ ಎಂಬ ಹೆಸರು ಎಲ್ಲೂ ಇರಲಿಲ್ಲ.

* * *

ಗುರುವಾರ ಸಂಜೆ ಕಲ್ಲಿನಾಥರ ಡೈನಿಂಗ್ ಟೇಬಲ್ಲಿನ ಸುತ್ತ ಐದು ಜನ: ಗಂಡ ಹೆಂಡತಿ, ವಿವೇಕ, ಕೌಸಲ್ಯಾ, ಛಾಯಾ. ರುದ್ರಮ್ಮ ಕಾಫಿ ತಂದಿಟ್ಟರು. ಕೌಸಲ್ಯಾ ಲೋಟ ಮುಟ್ಟಲಿಲ್ಲ.

“ಅಂಕಲ್, ಮೊದಲನೇ ಸಹಿ ಯಾರದು ಅಂದ್ರಿ?” ಛಾಯಾ ಕೇಳಿದಳು.

“ಕೌಸಲ್ಯಾಂದು.”

“ಅದು ಈಗ ಕಟ್ಟಲ್ಲಿ ಇಲ್ಲ. ಅವರ ಸಬ್‌ಡಿವಿಷನ್‌ನ ಒಂದು ಹೆಸರೂ ಇಲ್ಲ. ಒಂದು ಕ್ಲಿಪ್ ಪೂರ್ತಿ, ಏಳು ಹಾಳೆ ಹೋಗಿದೆ. ಅದರ ಜಾಗದಲ್ಲಿ ನೀವು ಮೊದಲೇ ಸಹಿ ಮಾಡಿಟ್ಟ ಏಳು ಹಾಳೆ ಬಂದಿದೆ. ಆಂಟಿ ಅವತ್ತು ಬೆಳಿಗ್ಗೆ ಎಲ್ಲಾ ಹಾಳೆಗೂ ಅರಿಶಿನ ಹಚ್ಚಿದ್ರು. ಆ ಏಳಕ್ಕೆ ಅರಿಶಿನ ಇಲ್ಲ. ಅಂದರೆ ಅರಿಶಿನ ಹಚ್ಚಿದ ಮೇಲೆ, ನೀವು ಕೌಂಟರಿಗೆ ಹೋಗೋ ಮೊದಲು, ಇದೇ ಟೇಬಲ್ ಮೇಲೆ ಬದಲಾಗಿದೆ.”

ಕಲ್ಲಿನಾಥರು ಹೆಂಡತಿಯ ಕಡೆ ತಿರುಗಿದರು. ರುದ್ರಮ್ಮ ಗೋಡೆ ನೋಡಿದರು.

“ವಿವೇಕ್ ಮ್ಯಾಟ್ ದಾಟಿಲ್ಲ. ಟೇಬಲ್ ಹತ್ರ ಕೂತವರು ಒಬ್ಬರೇ. ಅವರು ತೆಗೆದ ಹಾಳೆಗಳನ್ನ ಕಥೆ ಹೇಳೋ ಚೀಲದಲ್ಲಿ ಹಾಕ್ಕೊಂಡ್ರು. ಅರಿಶಿನ ಇನ್ನೂ ಒಣಗಿರಲಿಲ್ಲ, ಚೀಲದಲ್ಲಿದ್ದ ಮೊಲದ ಕಿವಿಗೆ ಹತ್ತಿತು. ಸೋಪು ಹಾಕಿ ತೊಳೆದ್ರು, ಕೆಂಪಾಯ್ತು.” ಛಾಯಾ ತನ್ನ ತೋಳು ಮುಂದೆ ಚಾಚಿದಳು. “ಹೀಗೆ. ಬೀಟ್‌ರೂಟ್ ಕಲೆ ತೊಳೆದ್ರೆ ತಿಳಿ ಆಗುತ್ತೆ ಆಂಟಿ. ಇದು ತೊಳೆದ್ರೆ ಗಾಢ ಆಗುತ್ತೆ.”

ಕೌಸಲ್ಯಾ ಚೀಲದಿಂದ ಒಂದು ದಪ್ಪ ನಿಘಂಟು ತೆಗೆದು ತೆರೆದರು. ಪುಟಗಳ ನಡುವೆ ಏಳು ಹಾಳೆ. ಮೂಲೆಗಳು ಹಳದಿ.

“ಹರಿದು ಬಿಸಾಕ್ಬೇಕು ಅಂತಲೇ ತಗೊಂಡು ಹೋದೆ,” ಎಂದರು. “ಮನೆಗೆ ಹೋಗಿ ನೋಡಿದ್ರೆ ಅರಿಶಿನ. ರುದ್ರಕ್ಕನ ಬೆರಳಿನ ಗುರುತು. ಪೂಜೆ ಮಾಡಿದ ಕಾಗದ ಕಸಕ್ಕೆ ಹಾಕೋಕೆ ಕೈ ಬರಲಿಲ್ಲ.”

“ಸತ್ತವರ ಹೆಸರು?” ವಿವೇಕ ಕೇಳಿದ.

“ಲೈಬ್ರರಿಯ ರದ್ದಾದ ಕಾರ್ಡುಗಳಿಂದ ತಗೊಂಡೆ. ಹಾಳೆ ಬರೀ ತೆಗೆದ್ರೆ ಅಣ್ಣ ಎಣಿಸಿ ಕಂಡುಹಿಡೀತಾರೆ ಅಂತ ಗೊತ್ತಿತ್ತು. ಅದಕ್ಕೆ ಮೊದಲೇ ಒಂದು ದಿನ ಈ ಫೋಲ್ಡರಿಂದ ಖಾಲಿ ಹಾಳೆ ಒಯ್ದು, ಎಡಗೈಯಲ್ಲಿ ಬರೆದೆ. ಪಟ್ಟಿಯಲ್ಲಿ ಇಲ್ಲದ ಹೆಸರು ಅಂತ ಹೊಡೆದು ಹಾಕ್ತಾರೆ, ಲೆಕ್ಕ ಕಮ್ಮಿ ಆಗುತ್ತೆ, ಅಷ್ಟೇ ಅಂದ್ಕೊಂಡಿದ್ದೆ. ಪೊಲೀಸ್ ಬರ್ತಾರೆ ಅಂತ ದೇವರಾಣೆ ಗೊತ್ತಿರಲಿಲ್ಲ.”

“ಗೊತ್ತಾದ ಮೇಲೆ?” ಛಾಯಾ ಕೇಳಿದಳು. ಅವಳ ದನಿ ಗಟ್ಟಿಯಾಗಿತ್ತು. “ಮೂರು ದಿನ ಆಯ್ತು. ಅಂಕಲ್ ಜೈಲಿಗೆ ಹೋಗ್ತಾರೆ ಅಂತ ಗೊತ್ತಿತ್ತಲ್ಲ. ಮೊಲ ಕೈಗೆ ಹಾಕ್ಕೊಂಡು ಕಥೆ ಹೇಳ್ತಾ ಇದ್ರಿ.”

ಕೌಸಲ್ಯಾ ಹಾಳೆಗಳನ್ನು ಕಲ್ಲಿನಾಥರ ಮುಂದೆ ಸರಿಸಿದರು.

ಕಲ್ಲಿನಾಥರು ಮೊದಲ ಹಾಳೆ ಎತ್ತಿಕೊಂಡರು. ಮೊದಲ ಸಾಲಿನಲ್ಲೇ ಕೌಸಲ್ಯಾರ ಹೆಸರು, ದುಂಡು ಅಕ್ಷರದ ಸಹಿ.

“ನೀ ಸಹಿ ಯಾಕ ಹಾಕಿದಿ, ತಂಗೀ? ಒಲ್ಲೆ ಅಂದಿದ್ರ ಆಗ್ತಿತ್ತಲ್ಲ.”

“ಅಣ್ಣಾ, ನನ್ನ ಗಂಡ ಆಸ್ಪತ್ರೇಲಿ ಇದ್ದಾಗ ಮೂರು ತಿಂಗಳು ನನ್ನ ಕರಕೊಂಡು ಓಡಾಡಿದವರು ನೀವು. ಕಾಫಿ ಕೊಟ್ಟು ಪೆನ್ನು ಮುಂದೆ ಹಿಡಿದ್ರಿ. ಈ ಮನೇಲಿ ಕೂತು ನಿಮಗೆ ಇಲ್ಲ ಅಂತ ಹೇಗೆ ಹೇಳ್ಲಿ?” ಅವರು ತಲೆ ತಗ್ಗಿಸಿದರು. “ಆಮೇಲೆ ಟೌನ್‌ಶಿಪ್ ಪತ್ರ ಬಂತು. ಲೈಬ್ರರಿ ಮುಚ್ಚೋಕೆ ಮೊದಲನೇ ಸಹಿ ನಂದು ಅಂತ ಗೊತ್ತಾಗಿ ಊಟ ಸೇರಲಿಲ್ಲ. ಆ ಹಾಳೆಗಳನ್ನ ಯಾರು ಬೇಕಾದ್ರೂ ಕೇಳಿ ನೋಡಬಹುದಂತೆ. ಮಕ್ಕಳ ಮುಖ ಹೇಗೆ ನೋಡ್ಲಿ?”

ಕೊನೆಗೆ ಕೌಸಲ್ಯಾ ತಾವೇ ಎದ್ದು ಡಿಟೆಕ್ಟಿವ್ ನಂಬರು ಕೇಳಿದರು. ಛಾಯಾ ಅವರನ್ನು ಕಾರಿನಲ್ಲಿ ಕರೆದೊಯ್ದಳು. ದಾರಿಯಲ್ಲಿ ಎರಡು ಸಲ ಅವಳ ಕಣ್ಣು ಮಂಜಾಯಿತು. ಆದರೂ ಕಾರು ತಿರುಗಿಸಲಿಲ್ಲ.

* * *

ಶುಕ್ರವಾರ ವಿಚಾರಣೆ ಹತ್ತು ನಿಮಿಷದಲ್ಲಿ ಮುಗಿಯಿತು. ಕಲ್ಲಿನಾಥರ ಮೇಲಿನ ಆರೋಪ ಬಿಟ್ಟರು. ಖಾಲಿ ಹಾಳೆಗೆ ಸಹಿ ಮಾಡಿಟ್ಟದ್ದಕ್ಕೆ ಪ್ಯಾಟ್ರಿಷಿಯಾ ಮೇಷ್ಟ್ರ ಹಾಗೆ ಬೈದರು. ಕೌಸಲ್ಯಾರ ಕೆಲಸ ಅಂದೇ ಹೋಯಿತು, ಕೇಸು ಮುಂದೆ ನಡೆಯಬೇಕು. ಅರ್ಜಿ ಕೊಡಲು ಸೋಮವಾರದವರೆಗೆ ಗಡುವಿತ್ತು. ಕಟ್ಟು ವಾಪಸ್ ಒಯ್ದು, ನಿಜವಾದ ಏಳು ಹಾಳೆ ಸೇರಿಸಿ ಮತ್ತೆ ಕೊಡಬಹುದು ಎಂದು ಟೌನ್‌ಶಿಪ್‌ನ ವಕೀಲರು ಒಲ್ಲದ ಮನಸ್ಸಿನಿಂದ ಒಪ್ಪಿದರು.

ಸಂಜೆ ಛಾಯಾ ಸುದ್ದಿಗೆ ಕೊನೆಯ ಮಾತು ಕೇಳಲು ಹೋದಾಗ ಕಲ್ಲಿನಾಥರು ಟೇಬಲ್ ಮುಂದೆ ಕೂತು ಹಾಳೆ ತಿರುವುತ್ತಿದ್ದರು. ಎಣಿಸುತ್ತಿರಲಿಲ್ಲ. ಒಂದೊಂದೇ ಹೆಸರು ಓದುತ್ತಿದ್ದರು.

“ಇವರ ಮನ್ಯಾಗ ಚಹಾ ಕುಡದೆ. ಇವರ ಮಗನ ಲಗ್ನಕ್ಕ ಹೋಗಿದ್ದೆ. ಇವರಿಗೆ ಬ್ಯಾಟರಿ ಹೋದಾಗ ಕಾರು ಸ್ಟಾರ್ಟ್ ಮಾಡಿ ಕೊಟ್ಟಿದ್ದೆ,” ಎಂದರು. “ಇದರಾಗ ನನ್ನ ಮಾತಿಗೆ ಒಪ್ಪಿ ಹಾಕಿದವರು ಎಷ್ಟು, ನನ್ನ ಮಾರಿ ನೋಡಿ ಹಾಕಿದವರು ಎಷ್ಟು?”

“ನಂದೊಂದು ಹಿಡೀರಿ,” ಎಂದರು ರುದ್ರಮ್ಮ.

ಕಲ್ಲಿನಾಥರು ಕನ್ನಡಕದ ಮೇಲಿನಿಂದ ಹೆಂಡತಿಯನ್ನು ನೋಡಿದರು.

“ಪ್ರತಿ ಶನಿವಾರ ಆ ಲೈಬ್ರರಿದಾಗ ಇಂಗ್ಲಿಷ್ ಕಲಿಯಾಕ ಹೋಗ್ತೀನಿ. ಹನ್ನೊಂದು ವರ್ಷ ಆತು. ಸಹಿ ಮಾಡು ಅಂದ್ರಿ, ಮಾಡಿದೆ. ನಿಂಗ ಏನ್ ಅನಸ್ತದ ಅಂತ ಕೇಳಲಿಲ್ಲ.”

“ಮತ್ತ ಅರಿಷಿಣ ಯಾಕ ಹಚ್ಚಿದಿ?”

“ಕೆಲಸ ನಿಮ್ಮದು, ಅದಕ್ಕ.” ರುದ್ರಮ್ಮ ಹಾಳೆಗಳನ್ನು ಒಟ್ಟುಮಾಡಿ, ಅಂಚು ಸರಿಮಾಡಿ, ಗಂಡನ ಮುಂದಿಟ್ಟರು. “ಸೋಮವಾರ ಹೋಗಿ ಕೊಟ್ಟು ಬರ್ರಿ. ನವೆಂಬರದಾಗ ವೋಟು ನಂದು.”